ಒಂದು ಡೆಂಟಲ್ ಚೇರಿಗೆ ತಿಂಗಳಿಗೆ ಎಷ್ಟು?

ದಾವಣಗೆರೆಯ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಮಾನಿಟರಿನ ಕೆಳಗಂಚಿಗೆ ಬಿಳಿ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸಿದ್ದರು, ಗಾಯಕ್ಕೆ ಹಾಕುವಂಥದ್ದು. ಅದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ನಮ್ಮ ಸಾಫ್ಟ್‌ವೇರಿನ ಲಾಗಿನ್ ಹೆಸರು, ಪಾಸ್‌ವರ್ಡ್. ಡಾಕ್ಟರಮ್ಮ, ಅವರ ಅಸಿಸ್ಟೆಂಟ್, ರಿಸೆಪ್ಷನ್ ಹುಡುಗಿ, ಸಂಜೆ ಮಾತ್ರ ಬರುವ ಇನ್ನೊಬ್ಬ ಡಾಕ್ಟರು, ನಾಲ್ವರೂ ಅದೊಂದರಲ್ಲೇ ಕೆಲಸ ಮಾಡುತ್ತಿದ್ದರು. ಅದು 2019ರ ಕೊನೆ. ನಮ್ಮ ಬೆಲೆ ಒಬ್ಬ ಯೂಸರಿಗೆ ಇಷ್ಟು ಅಂತ ಇತ್ತು. ಆ ಬೆಲೆಯನ್ನು ನಿಗದಿ ಮಾಡಿದವಳು ನಾನು.

ನಾನಿರುವುದು ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ. ಡೆಂಟಲ್ ಕ್ಲಿನಿಕ್ಕುಗಳಿಗೆ ಅಪಾಯಿಂಟ್‌ಮೆಂಟ್, ಬಿಲ್, ಪೇಷಂಟ್ ದಾಖಲೆ ಎಲ್ಲ ಒಂದೇ ಕಡೆ ಸಿಗುವಂಥ ಸಾಫ್ಟ್‌ವೇರ್ ಮಾಡುತ್ತೇವೆ. ಮೊದಲು ಮಾರಿದ್ದು ಅಮೆರಿಕದಲ್ಲಿ, ಯೂಸರಿಗೆ ತಿಂಗಳಿಗೆ 30 ಡಾಲರಿನಂತೆ. 2019ರಲ್ಲಿ ಭಾರತದಲ್ಲೂ ಮಾರೋಣ ಅಂತಾದಾಗ ಬೆಲೆಯ ಕೆಲಸ ನನ್ನ ಪಾಲಿಗೆ ಬಂತು. ಆಗಿನ ಲೆಕ್ಕದಲ್ಲಿ 30 ಡಾಲರ್ ಅಂದರೆ ಸುಮಾರು 2,100 ರೂಪಾಯಿ. ಅಷ್ಟು ಯಾರೂ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಓದಿಕೊಂಡಿದ್ದ ದಾರಿ ಹಿಡಿದೆ. ವಿಶ್ವಬ್ಯಾಂಕಿನ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನಿಗೆ ಇಲ್ಲಿ ಬೀಳುವುದು ಸುಮಾರು 20 ರೂಪಾಯಿ, ಬ್ಯಾಂಕಿನ ದರದಂತೆ 70 ಅಲ್ಲ. 30ನ್ನು 20ರಿಂದ ಗುಣಿಸಿದರೆ 600. ಒಂದು ರೂಪಾಯಿ ಇಳಿಸಿ 599 ಅಂತ ಹಾಕಿದೆವು.

ಜನ ಬಂದರು. ಆದರೆ ಒಂದು ಕ್ಲಿನಿಕ್ಕಿಗೆ ಒಬ್ಬನೇ ಯೂಸರ್. ಯಾಕೆ ಹೀಗೆ ಎಂದು ಆರು ತಿಂಗಳು ತಲೆ ಕೆಡಿಸಿಕೊಂಡು, ಕೊನೆಗೆ ಬಸ್ಸು ಹತ್ತಿ ದಾವಣಗೆರೆಗೆ ಹೋದಾಗ ಆ ಪ್ಲಾಸ್ಟರ್ ತುಂಡು ಕಣ್ಣಿಗೆ ಬಿತ್ತು.

ಡಾಕ್ಟರಮ್ಮ ಮುಚ್ಚುಮರೆ ಏನೂ ಮಾಡಲಿಲ್ಲ. "ಮೇಡಂ, ನಾಕು ಜನಕ್ಕೆ ನಾಕು ಲಾಗಿನ್ ತಗೊಂಡ್ರೆ ಎರಡೂವರೆ ಸಾವಿರ ಆಗ್ತದೆ. ಆ ಹುಡುಗಿಗೆ ನಾನು ಕೊಡೋ ಸಂಬಳದಲ್ಲಿ ಕಾಲುಭಾಗ ಅದು" ಅಂದರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಒಬ್ಬ ನೌಕರನ ಕೆಲಸದ ಹೊತ್ತನ್ನು ಉಳಿಸುತ್ತದೆ. ಅಲ್ಲಿ ಆ ಹೊತ್ತು ದುಬಾರಿ, ಹಾಗಾಗಿ ತಲೆಗಿಷ್ಟು ಅಂದರೆ ಒಪ್ಪುತ್ತಾರೆ. ನಮ್ಮಲ್ಲಿ ಸಂಬಳ ಕಡಿಮೆ, ಕೈಗಳು ಜಾಸ್ತಿ. ತಲೆ ಎಣಿಸಿ ದುಡ್ಡು ಕೇಳಿದರೆ ಒಂದೇ ತಲೆ ತೋರಿಸುತ್ತಾರೆ. ನಾನು ಡಾಲರಿನ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದೆ. ಆದರೆ ಎಣಿಸುತ್ತಿದ್ದ ವಸ್ತುವೇ ಬೇರೆಯಾಗಬೇಕಿತ್ತು.

ವಾಪಸು ಬರುವ ಬಸ್ಸಿನಲ್ಲೇ ಅದು ಹೊಳೆಯಿತು: ಡೆಂಟಲ್ ಚೇರ್. ಪೇಷಂಟ್ ಮಲಗುವ ಆ ಕುರ್ಚಿಯನ್ನು ಬಚ್ಚಿಡಲು ಬರುವುದಿಲ್ಲ, ಹಂಚಿಕೊಳ್ಳಲೂ ಬರುವುದಿಲ್ಲ. ಕ್ಲಿನಿಕ್ಕಿನ ಸಂಪಾದನೆ ನಿಂತಿರುವುದೂ ಅದರ ಮೇಲೆಯೇ. ಎರಡನೇ ಚೇರ್ ಹಾಕಿಸಿದ ಡಾಕ್ಟರ ಕೈಯಲ್ಲಿ ದುಡ್ಡು ಓಡಾಡುತ್ತಿದೆ ಎಂದೇ ಅರ್ಥ. 2020ರ ಜನವರಿಯಿಂದ ಒಂದು ಚೇರಿಗೆ ತಿಂಗಳಿಗೆ 999 ರೂಪಾಯಿ ಮಾಡಿದೆವು, ಯೂಸರ್ ಎಷ್ಟು ಬೇಕಾದರೂ ಇರಲಿ. ಮೊದಲು ಬದಲಾದದ್ದು ಪಾಸ್‌ವರ್ಡು. ಪ್ರತಿಯೊಬ್ಬರಿಗೂ ಸ್ವಂತ ಲಾಗಿನ್ ಬಂತು, ಯಾರು ಯಾವ ಬಿಲ್ ತಿದ್ದಿದರು ಎಂಬುದು ಡಾಕ್ಟರಿಗೆ ಕಾಣತೊಡಗಿತು. ಆ ಸೌಲಭ್ಯ ಮೊದಲಿಂದಲೂ ಇತ್ತು, ನಮ್ಮ ಬೆಲೆಯೇ ಅದನ್ನು ಮುಚ್ಚಿಟ್ಟಿತ್ತು.

ಆಮೇಲೆ ಆ 999ರೊಳಗೇ ಜಿಎಸ್‌ಟಿಯನ್ನೂ ಸೇರಿಸಿದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ವಿಷಯಕ್ಕೆ ನಮ್ಮ ಆಫೀಸಿನಲ್ಲೇ ದೊಡ್ಡ ಜಗಳ ಆಗಿತ್ತು. ಸಾಫ್ಟ್‌ವೇರ್ ಸೇವೆಗೆ 18% ಜಿಎಸ್‌ಟಿ. ಸಾಮಾನ್ಯವಾಗಿ ವ್ಯಾಪಾರಿಗಳಿಗೆ ಮಾರುವಾಗ "ಜಿಎಸ್‌ಟಿ ಪ್ರತ್ಯೇಕ" ಅಂತ ಬರೆಯುತ್ತಾರೆ. ಕೊಂಡವನು ಅದನ್ನು ಇನ್‌ಪುಟ್ ಕ್ರೆಡಿಟ್ಟಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ಅವನಿಗೆ ನೋವಿಲ್ಲ. ಆದರೆ ಡಾಕ್ಟರುಗಳ ಚಿಕಿತ್ಸೆಗೇ ಜಿಎಸ್‌ಟಿ ವಿನಾಯಿತಿ ಇದೆ. ತಾವು ತೆರಿಗೆ ವಸೂಲು ಮಾಡದ ಮೇಲೆ ಕ್ರೆಡಿಟ್ ತೆಗೆದುಕೊಳ್ಳುವ ದಾರಿಯೂ ಅವರಿಗಿಲ್ಲ. ನಾವು ಹಾಕುವ 18% ಅವರ ಜೇಬಿನಿಂದಲೇ ಹೋಗುತ್ತದೆ. "999 ಅಂದ್ರಿ, ಬಿಲ್ಲಿನಲ್ಲಿ 1,179 ಬಂದಿದೆ" ಅಂತ ಬರುತ್ತಿದ್ದ ಫೋನುಗಳು ಬೈಗುಳದಲ್ಲೇ ಮುಗಿಯುತ್ತಿದ್ದವು. ತೆರಿಗೆ ಸೇರಿಸಿಯೇ 999 ಅಂದರೆ ನಮ್ಮ ಕೈಗೆ ಸಿಗುವುದು 846 ರೂಪಾಯಿ ಚಿಲ್ಲರೆ. ನಮ್ಮ ಲೆಕ್ಕಪತ್ರದವರು ಒಪ್ಪಲಿಲ್ಲ. ಹೇಳಿದ ಬೆಲೆಯೇ ಕೊಡುವ ಬೆಲೆ ಆಗಿರಬೇಕು ಅಂತ ನಾನು ಹಟ ಹಿಡಿದೆ, ಇವತ್ತಿಗೂ ಆ ಹಟ ಬಿಟ್ಟಿಲ್ಲ.

ಅಷ್ಟರಲ್ಲಿ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಹಲ್ಲಿನ ಕ್ಲಿನಿಕ್ಕುಗಳು ಬಾಗಿಲು ಹಾಕಿದವು. ನಾವು ಮೂರು ತಿಂಗಳು ಬಿಲ್ ಕಳಿಸಲಿಲ್ಲ. ಬಾಗಿಲು ತೆರೆದ ಮೇಲೂ ಸಂಪಾದನೆ ಅರ್ಧಕ್ಕರ್ಧ ಇಳಿದಿತ್ತು, ಕಡಿಮೆ ದುಡ್ಡಿನ ಪ್ಲಾನ್ ಏನಾದರೂ ಮಾಡಿಕೊಡಿ ಎಂಬ ಕೂಗು ಎದ್ದಿತು. ನಾನು 399ರ ಪ್ಲಾನ್ ಮಾಡಿದೆ. ಎಲ್ಲ ಸೌಲಭ್ಯ, ಆದರೆ ಪೇಷಂಟ್ ದಾಖಲೆ 150ರವರೆಗೆ ಮಾತ್ರ. ಚಿಕ್ಕ ಕ್ಲಿನಿಕ್ಕಿಗೆ ಚಿಕ್ಕ ಬೆಲೆ, ಬೆಳೆದಂತೆ ದೊಡ್ಡ ಪ್ಲಾನಿಗೆ ಬರುತ್ತಾರೆ ಅಂತ ನನ್ನ ಅಂದಾಜು. ಸಾಫ್ಟ್‌ವೇರ್ ಲೋಕದಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ.

2021ರಲ್ಲಿ ದಾವಣಗೆರೆಯಿಂದ ಫೋನು ಬಂತು, ಅದೇ ಡಾಕ್ಟರಮ್ಮ. ಅವರ ಹಳೆಯ ಪೇಷಂಟ್ ಒಬ್ಬರ ಇಂಪ್ಲಾಂಟಿನ, ಅಂದರೆ ದವಡೆಯೊಳಗೆ ಕೂರಿಸುವ ಕೃತಕ ಬೇರಿನ, ಮೇಲಿನ ಹಲ್ಲು ಸಡಿಲವಾಗಿತ್ತು. ಒಳಗೆ ಕೂರಿಸಿದ್ದು ಯಾವ ಕಂಪನಿಯದು, ಯಾವ ಅಳತೆಯದು ಎಂದು ಗೊತ್ತಿಲ್ಲದೆ ಅದಕ್ಕೆ ಸರಿಹೊಂದುವ ಸ್ಕ್ರೂ ಹಾಕಲಾಗುವುದಿಲ್ಲ. ಆ ವಿವರ ನಮ್ಮ ಸಾಫ್ಟ್‌ವೇರಿನಲ್ಲಿತ್ತು. ಈಗ ಇರಲಿಲ್ಲ.

"ನಾನೇ ಅಳಿಸಿದ್ದು ಮೇಡಂ. ಅಗ್ಗದ ಪ್ಲಾನಿಗೆ ಬರ್ಬೇಕಂದ್ರೆ 150ರೊಳಗೆ ಇರ್ಬೇಕಿತ್ತಲ್ಲ. ಎರಡು ವರ್ಷದಿಂದ ಬರ್ದೇ ಇರೋರನ್ನ ಒಬ್ಬೊಬ್ಬರನ್ನೇ ತೆಗೆದೆ. ಬ್ಯಾಕಪ್ ಇರ್ತದೆ ಅಲ್ವಾ?"

ಬ್ಯಾಕಪ್ ಇತ್ತು, 90 ದಿನದ್ದು. ಅವರು ಅಳಿಸಿ ಆರು ತಿಂಗಳಾಗಿತ್ತು. ಎಕ್ಸ್‌ರೇ ತೆಗೆದು, ಡೀಲರಿಗೆ ಫೋಟೋ ಕಳಿಸಿ ಅವರು ಹೇಗೋ ಪತ್ತೆ ಮಾಡಿಕೊಂಡರು. ಮೂರು ದಿನ ಹಿಡಿಯಿತು. ಫೋನ್ ಇಟ್ಟ ಮೇಲೆ ಆ ಪ್ಲಾನಿನಲ್ಲಿದ್ದ ಕ್ಲಿನಿಕ್ಕುಗಳ ಪಟ್ಟಿ ತೆಗೆದು ನೋಡಿದೆ. 150ರ ಹತ್ತಿರ ಬಂದು ಮತ್ತೆ ಕೆಳಗಿಳಿದ ಕ್ಲಿನಿಕ್ಕುಗಳು ಬೆರಳೆಣಿಕೆಯಷ್ಟಲ್ಲ, ಸಾಲು ಸಾಲಾಗಿದ್ದವು. ಸೋಂಕು, ಅಲರ್ಜಿ, ಸಕ್ಕರೆ ಕಾಯಿಲೆ ಎಂದು ಬರೆದಿಟ್ಟ ಟಿಪ್ಪಣಿಗಳನ್ನು 600 ರೂಪಾಯಿ ಉಳಿಸಲು ಅಳಿಸಿದ್ದರು. ಅಳಿಸುವಂತೆ ಮಾಡಿದ್ದು ನಾನು ಹಾಕಿದ ಒಂದು ಸಂಖ್ಯೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏಷ್ಯಾದ ಮಾರುಕಟ್ಟೆಗೆ ಅಗ್ಗದ ಆವೃತ್ತಿ ಮಾಡಿದ ಹಿಂದಿನವರು ಏನನ್ನು ಕತ್ತರಿಸಿದ್ದರು ಎಂದು ಆಮೇಲೆ ಹುಡುಕಿ ಓದಿದೆ. ಮೈಕ್ರೋಸಾಫ್ಟ್ 2004ರಲ್ಲಿ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾಗಳಿಗಾಗಿ, ಆಮೇಲೆ ಭಾರತಕ್ಕೂ, ವಿಂಡೋಸ್ ಎಕ್ಸ್‌ಪಿ ಸ್ಟಾರ್ಟರ್ ಎಡಿಷನ್ ತಂದಿತ್ತು. ಅದರಲ್ಲಿ ಒಮ್ಮೆಗೆ ಮೂರೇ ಪ್ರೋಗ್ರಾಮ್ ತೆರೆಯಬಹುದಿತ್ತು. ಪಕ್ಕದ ಅಂಗಡಿಯಲ್ಲಿ ನಕಲಿ ಸಿಡಿಯಲ್ಲಿ ಪೂರ್ತಿ ವಿಂಡೋಸ್ ಸಿಗುವಾಗ, ದುಡ್ಡು ಕೊಟ್ಟು ಕೈಕಟ್ಟಿಸಿಕೊಳ್ಳುವವರು ಯಾರು? ನಾಲ್ಕನೇ ಪ್ರೋಗ್ರಾಮ್ ತೆರೆಯಲು ಹೋದವನಿಗೆ ಆ ಕಂಪ್ಯೂಟರ್ "ನೀನು ಬಡವ" ಎಂದು ನೆನಪಿಸುತ್ತಿತ್ತು. 2019ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ತಂದ 199 ರೂಪಾಯಿಯ ಮೊಬೈಲ್ ಪ್ಲಾನ್ ಬೇರೆ ಥರದ್ದು. 2021ರ ಡಿಸೆಂಬರಿನಲ್ಲಿ ಅದನ್ನು 149ಕ್ಕೆ ಇಳಿಸಿದರು. ಅಲ್ಲಿ ಕತ್ತರಿಸಿದ್ದು ಟಿವಿಯನ್ನು. ಮೊದಲೇ ಫೋನಿನಲ್ಲಿ ನೋಡುತ್ತಿದ್ದವನಿಗೆ ಏನೂ ಕಳೆದುಕೊಂಡಂತೆ ಅನಿಸುವುದಿಲ್ಲ. ನಾನು ಮಾಡಿದ್ದು ಮೊದಲನೆಯದಕ್ಕಿಂತಲೂ ಕೆಟ್ಟದ್ದು, ಯಾಕೆಂದರೆ ನನ್ನ ಕತ್ತರಿ ತಾಗಿದ್ದು ಮೂರನೆಯವರಿಗೆ, ಪೇಷಂಟಿಗೆ.

ಮಿತಿಯನ್ನು ಒಂದೇ ವಾರದಲ್ಲಿ ತೆಗೆಸಿದೆ. ದಾಖಲೆ ಎಷ್ಟಾದರೂ ಇರಲಿ, ದುಡ್ಡು ಕಟ್ಟುವುದನ್ನು ನಿಲ್ಲಿಸಿದರೂ ಓದಲು ಸಿಗಲಿ ಎಂದು ನಿಯಮ ಮಾಡಿದೆವು. ಅಗ್ಗದ ಪ್ಲಾನಿನಲ್ಲಿ ತೆಗೆದದ್ದು ವಾಟ್ಸ್ಆ್ಯಪ್ ರಿಮೈಂಡರುಗಳನ್ನು ಮಾತ್ರ. ಒಂದೊಂದು ಸಂದೇಶಕ್ಕೂ ನಾವು ದುಡ್ಡು ಕೊಡುತ್ತೇವೆ. ನಮಗೆ ನಿಜವಾಗಿ ಖರ್ಚು ಬೀಳುವುದನ್ನು ಅಳೆದು ದುಡ್ಡು ಕೇಳಿದರೆ ವಿವರಿಸಲು ಮುಜುಗರವಿಲ್ಲ. ಒಂದು ದಾಖಲೆ ಹೆಚ್ಚು ಇಟ್ಟರೆ ನಮಗೆ ಬೀಳುವ ಖರ್ಚು ಸೊನ್ನೆಗೆ ಸಮ.

ಶಾಂಪೂ ಸ್ಯಾಶೆಯ ಮಾತು ಹೇಳದಿದ್ದರೆ ಈ ಕಥೆ ಅರ್ಧವಾಗುತ್ತದೆ. ಭಾರತದಲ್ಲಿ ಬೆಲೆಯ ಬಗ್ಗೆ ಮೀಟಿಂಗ್ ಕೂತರೆ ಯಾರಾದರೊಬ್ಬರು ಅದನ್ನು ಎತ್ತಿಯೇ ಎತ್ತುತ್ತಾರೆ, ಚಿಕ್ಕ ಪೊಟ್ಟಣ ಮಾಡಿ ಚಿಕ್ಕ ಬೆಲೆಗೆ ಮಾರಿ ಅಂತ. ನಾವೂ ವಾರದ ಪ್ಲಾನ್ ಮಾಡಿ ನೋಡಿದೆವು. ಸ್ಪಾಟಿಫೈ 2019ರಲ್ಲಿ ಇಲ್ಲಿಗೆ ಬಂದಾಗ ದಿನದ ಪ್ಲಾನ್, ವಾರದ ಪ್ಲಾನ್ ಎರಡನ್ನೂ ಇಟ್ಟಿತ್ತು. ಹಾಡು ಇವತ್ತು ಕೇಳಿ ನಾಳೆ ಬಿಡಬಹುದು. ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಪುಸ್ತಕವನ್ನು ಒಂದು ವಾರ ಬಿಡಲು ಬರುತ್ತದೆಯೇ? ವಾರದ ಬಿಲ್ ಅಂದರೆ "ಇದು ಬೇಕಾ, ಬೇಡವಾ" ಎಂದು ತಿಂಗಳಿಗೆ ನಾಲ್ಕು ಸಲ ನಾವೇ ಕೇಳಿದಂತೆ. ಎರಡು ತಿಂಗಳಿಗೆ ಅದನ್ನು ಮುಚ್ಚಿದೆವು.

2021ರ ಅಕ್ಟೋಬರ್ 1 ನನಗೆ ಚೆನ್ನಾಗಿ ನೆನಪಿದೆ. ಕಾರ್ಡಿನಿಂದ ತಾನಾಗಿ ದುಡ್ಡು ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಅವತ್ತು ಜಾರಿಗೆ ಬಂತು. ಕಡಿತಕ್ಕೆ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು, 5,000 ರೂಪಾಯಿ ದಾಟಿದರೆ ಆಗ ಪ್ರತಿ ಸಲವೂ ಓಟಿಪಿ ಬೇಕಿತ್ತು. ಹಳೆಯ ಒಪ್ಪಿಗೆಗಳು ನಡೆಯುವುದಿಲ್ಲ, ಹೊಸದಾಗಿ ಕೊಡಬೇಕು. ಬೆಳಿಗ್ಗೆ ಡ್ಯಾಶ್‌ಬೋರ್ಡ್ ತೆರೆದರೆ ರಿನ್ಯೂವಲ್ ಕಾಲಂ ತುಂಬ ಕೆಂಪು ಗುರುತು. ಮೂರು ಜನ ಕೂತು ಹದಿನೈದು ದಿನ ಫೋನು ಮಾಡಿದೆವು. ಡಾಕ್ಟರು ಕೈಗವಸು ಹಾಕಿಕೊಂಡಿರುತ್ತಾರೆ, ಓಟಿಪಿ ಬಂದಾಗ ಫೋನ್ ಮುಟ್ಟುವ ಹಾಗಿಲ್ಲ. ಅಷ್ಟು ಸಣ್ಣ ಕಾರಣಕ್ಕೆ ವರ್ಷದ ಪ್ಲಾನುಗಳು ಬಿದ್ದುಹೋಗುತ್ತಿದ್ದವು. ನಮ್ಮ ವರ್ಷದ ಬೆಲೆ ಹತ್ತು ತಿಂಗಳದ್ದು, 9,990.

ಆಗ ಮಾಡಿದ್ದೇ ಅರ್ಧವರ್ಷದ ಪ್ಲಾನ್. ಐದು ತಿಂಗಳ ದುಡ್ಡು ಕೊಟ್ಟರೆ ಆರು ತಿಂಗಳು. 999ರ ಐದು ಪಟ್ಟು 4,995. ಮಿತಿಗಿಂತ ಐದು ರೂಪಾಯಿ ಕೆಳಗೆ. ಯಾವ ಪುಸ್ತಕದಲ್ಲೂ ಇಲ್ಲದ ಬೆಲೆ ಅದು, ಆದರೆ ನಮ್ಮಲ್ಲಿ ಅತಿ ಹೆಚ್ಚು ಜನ ಉಳಿದುಕೊಂಡದ್ದು ಅದರಲ್ಲೇ. 2022ರ ಜೂನಿನಲ್ಲಿ ಮಿತಿ 15,000ಕ್ಕೆ ಏರಿದ ಮೇಲೂ ಎಷ್ಟೋ ಡಾಕ್ಟರುಗಳು ಅದನ್ನೇ ಇಟ್ಟುಕೊಂಡರು.

ಅದೇ ವರ್ಷ ಇಂಡೋನೇಷ್ಯಾಕ್ಕೆ ಕಾಲಿಟ್ಟೆವು. ಸುರಬಾಯಾದಲ್ಲಿ ಒಬ್ಬರು ಸ್ಥಳೀಯ ಪಾಲುದಾರರು ಸಿಕ್ಕಿದ್ದರು. ಆ ದೇಶದಲ್ಲಿ ಬೆಲೆಯನ್ನು ರುಪಯ್ಯಾದಲ್ಲೇ ಹೇಳಬೇಕು, ಕಾನೂನಿದೆ. 999 ರೂಪಾಯಿ ಅಂದರೆ ಸುಮಾರು 1,90,000 ರುಪಯ್ಯಾ. ನಾವು 1,99,000 ಅಂತ ಇಟ್ಟೆವು. ಅಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ಸಾವಿರಕ್ಕೆ "ರಿಬು" ಅಂತಾರೆ, "199 ರಿಬು" ಅಂದರೆ ಮುಗಿಯಿತು. ನಾನು ಕಳಿಸಿದ ಮೊದಲ ಬಿಲ್ಲನ್ನು ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಬೆರಳಿಟ್ಟು ಎರಡು ಸಲ ಓದಿ, ನನ್ನನ್ನು ನೋಡಿದಳು. ಅಲ್ಲಿ ಸಾವಿರದ ಜಾಗದಲ್ಲಿ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. ನಮ್ಮ ಬಿಲ್ಲಿನಲ್ಲಿ ಎರಡೂ ತಿರುವುಮುರುವು ಆಗಿದ್ದವು. ದುಡ್ಡು ಕೇಳುವ ಕಾಗದವೇ ಪರದೇಶದ್ದು ಅನಿಸಿದರೆ ದುಡ್ಡು ಕೊಡುವ ಕೈ ತಡೆಯುತ್ತದೆ. ಅದನ್ನು ಅವತ್ತೇ ಸರಿಮಾಡಿಸಿದೆ.

ದೊಡ್ಡ ತಪ್ಪು ಬೇರೆಯೇ ಇತ್ತು. ಈದ್ ಹತ್ತಿರ ಬಂದಿತ್ತು, ಆ ವರ್ಷ ಮೇ 2ಕ್ಕೆ. ಹಬ್ಬಕ್ಕೆ ಮುಂಚೆ ಅಲ್ಲಿ ಎಲ್ಲರ ಕೈಯಲ್ಲೂ ದುಡ್ಡು ಇರುತ್ತದೆ, ಟಿಎಚ್‌ಆರ್ ಎಂಬ ಹಬ್ಬದ ಬೋನಸ್ ಬರುತ್ತದೆ ಅಂತ ಓದಿದ್ದೆ. ನಮ್ಮಲ್ಲಿ ದೀಪಾವಳಿ ಬೋನಸ್ ಇದ್ದ ಹಾಗೆ ಎಂದುಕೊಂಡು, ಏಪ್ರಿಲಿನಲ್ಲಿ ವರ್ಷದ ಪ್ಲಾನಿಗೆ ಭರ್ಜರಿ ರಿಯಾಯಿತಿ ಘೋಷಿಸಿದೆ. ಬಂದವರು ನಾಲ್ಕೇ ಜನ. ಪಾಲುದಾರರ ಹೆಂಡತಿ ಕ್ಲಿನಿಕ್ ನಡೆಸುತ್ತಿದ್ದರು, ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು: ಟಿಎಚ್‌ಆರ್ ಕೊಡುವುದು ಕಾನೂನಿನ ಪ್ರಕಾರ ಕಡ್ಡಾಯ. ವರ್ಷ ತುಂಬಿದ ನೌಕರನಿಗೆ ಒಂದು ತಿಂಗಳ ಪೂರ್ತಿ ಸಂಬಳ, ಹಬ್ಬಕ್ಕೆ ಏಳು ದಿನ ಮುಂಚೆಯೇ. ದುಡ್ಡು ಇರುವುದು ನೌಕರರ ಕೈಯಲ್ಲಿ. ಕ್ಲಿನಿಕ್ಕಿನ ಮಾಲೀಕರು ಆ ತಿಂಗಳು ಎರಡು ತಿಂಗಳ ಸಂಬಳ ಕೊಟ್ಟು ಖಾಲಿ ಕೈಯಲ್ಲಿ ಕೂತಿರುತ್ತಾರೆ. ನಾನು ಮಾರುತ್ತಿದ್ದದ್ದು ಮಾಲೀಕರಿಗೆ. ಮುಂದಿನ ವರ್ಷ ಆ ರಿಯಾಯಿತಿಯನ್ನು ಹಬ್ಬ ಕಳೆದು ಎರಡು ತಿಂಗಳಿಗೆ ಇಟ್ಟೆವು, ಬೆಲೆ ಒಂದು ರುಪಯ್ಯಾ ಕೂಡ ಬದಲಿಸಲಿಲ್ಲ. ಆಗ ಜನ ಬಂದರು.

ತಿಂಗಳ ಪ್ಲಾನಿನವರು ಅಲ್ಲಿ ಕಾರ್ಡ್ ಕೊಡುವುದಿಲ್ಲ, ಕ್ರೆಡಿಟ್ ಕಾರ್ಡೇ ಕಡಿಮೆ. ಬ್ಯಾಂಕಿನ ವರ್ಚುವಲ್ ಅಕೌಂಟ್ ನಂಬರಿಗೆ ಹಾಕುತ್ತಾರೆ, ಇಲ್ಲವಾದರೆ ಕ್ಯೂಆರ್ ಸ್ಕ್ಯಾನ್. ಆಮೇಲೆ ವಾಟ್ಸ್ಆ್ಯಪ್‌ನಲ್ಲಿ ರಸೀದಿಯ ಫೋಟೋ ಕಳಿಸುತ್ತಾರೆ. ಅಂದರೆ ಪ್ರತಿ ತಿಂಗಳೂ ಒಬ್ಬರು ನೆನಪಿಟ್ಟು ಕಟ್ಟಬೇಕು. ಕಟ್ಟದವರಲ್ಲಿ ಹೆಚ್ಚಿನವರು ಬೇಡವೆಂದು ಬಿಟ್ಟವರಲ್ಲ, ಮರೆತವರು. ಒಂದನೇ ತಾರೀಖಿಗೆ ಹೋಗುತ್ತಿದ್ದ ಬಿಲ್ಲನ್ನು ಹತ್ತಕ್ಕೆ ಹಾಕಿ, ರಿಸೆಪ್ಷನಿಸ್ಟಿನ ನಂಬರಿಗೇ ಕಳಿಸಿದ ಮೇಲೆ ಅರ್ಧ ತೊಂದರೆ ಕಡಿಮೆಯಾಯಿತು.

ಜಕಾರ್ತಾದ ಒಂದು ಕ್ಲಿನಿಕ್ ಸಮೂಹ ಹನ್ನೊಂದು ಚೇರಿಗೆ ವರ್ಷದ ಪ್ಲಾನ್ ತೆಗೆದುಕೊಂಡಾಗ ಆಫೀಸಿನಲ್ಲಿ ಸಿಹಿ ಹಂಚಿದ್ದೆವು. ಬಿಲ್ 2,18,90,000 ರುಪಯ್ಯಾ. ಬಂದದ್ದು 1,75,12,000. ಪರದೇಶದ ಕಂಪನಿಗೆ ಕೊಡುವಾಗ 20% ತೆರಿಗೆ ಹಿಡಿಯಬೇಕಂತೆ. ಭಾರತ–ಇಂಡೋನೇಷ್ಯಾ ತೆರಿಗೆ ಒಪ್ಪಂದದ ಪ್ರಕಾರ ಅದು 10%ಕ್ಕೆ ಇಳಿಯುತ್ತದೆ, ಆದರೆ ನಾವು ಭಾರತದ ನಿವಾಸಿಗಳೆಂಬ ಪ್ರಮಾಣಪತ್ರವನ್ನು ಇಲ್ಲಿನ ಆದಾಯ ತೆರಿಗೆ ಇಲಾಖೆಯಿಂದ ತೆಗೆಸಿ, ಇಂಡೋನೇಷ್ಯಾದ ತೆರಿಗೆ ಇಲಾಖೆಯ ಡಿಜಿಟಿ ಎಂಬ ಫಾರಂ ತುಂಬಿ, ದುಡ್ಡು ಕಟ್ಟುವುದಕ್ಕೆ ಮುಂಚೆಯೇ ಕಳಿಸಿರಬೇಕು. ಈ ಪತ್ರ ಕೈಯಲ್ಲಿಲ್ಲದೆ ಹೊರದೇಶದ ಕಂಪನಿಗೆ ಬೆಲೆ ಹೇಳಲೇಬೇಡಿ. ನಮಗೆ ಆ ಪಾಠಕ್ಕೆ ಬಿದ್ದ ಬೆಲೆ 21,89,000 ರುಪಯ್ಯಾ.

ವಿಯೆಟ್ನಾಮಿನ ವಿಷಯ ಚಿಕ್ಕದು. ಹೋ ಚಿ ಮಿನ್ ನಗರದಲ್ಲಿ ಭೇಟಿಯಾದ ಡಾಕ್ಟರುಗಳೆಲ್ಲ ಕೇಳಿದ್ದು ಒಂದೇ: "ಒಂದೇ ಸಲ ಕೊಟ್ಟು ಬಿಡುವುದಾದರೆ ಎಷ್ಟು?" ಬಾಡಿಗೆಯಂತೆ ತಿಂಗಳು ತಿಂಗಳು ಕಟ್ಟುವುದು ಅವರಿಗೆ ಇಷ್ಟವಿರಲಿಲ್ಲ. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ 2018ರಲ್ಲಿ ಕೊಟ್ಟ ಅಂಕಿಯಂತೆ ಅಲ್ಲಿನ ಸಾಫ್ಟ್‌ವೇರಿನಲ್ಲಿ 74% ಲೈಸೆನ್ಸ್ ಇಲ್ಲದ್ದು. ಇಂಡೋನೇಷ್ಯಾದಲ್ಲಿ 83, ಭಾರತದಲ್ಲಿ 56. ಅದನ್ನು ಓದಿ ನಾನು ಹೆದರಿದ್ದೆ, ಹೋಗಿ ನೋಡಿದರೆ ದುಡ್ಡು ಕೊಡುವ ಮನಸ್ಸಿದ್ದವರೇ ಬಹಳ. ಮೂರು ವರ್ಷದ್ದನ್ನು ಒಟ್ಟಿಗೆ ಕಟ್ಟುವ ಪ್ಲಾನ್ ಮಾಡಿದೆವು, ಓಡಿತು. ಆದರೆ ಅಲ್ಲಿ ಎಲ್ಲರೂ ತೆರಿಗೆ ಇಲಾಖೆಯ ಅಧಿಕೃತ ಬಿಲ್ ಕೇಳುತ್ತಾರೆ, ಹಳೆಯ ರೂಢಿಯಂತೆ ಅದಕ್ಕೆ "ಕೆಂಪು ಬಿಲ್" ಅನ್ನುತ್ತಾರೆ. ನಾವು ಹೊರಗಿನವರು, ಆಗ ಅದನ್ನು ಕೊಡಲಾಗುತ್ತಿರಲಿಲ್ಲ. ಅಲ್ಲಿಯ ಮಾರಾಟಗಾರರ ಮೂಲಕ ಹೋದರೆ ಅವರ ಕಮಿಷನ್ ಹೋಗಿ ನಮಗೆ ಉಳಿಯುವುದು ಕಷ್ಟ. ಸದ್ಯಕ್ಕೆ ಅಲ್ಲಿ ಹೊಸದಾಗಿ ಮಾರುತ್ತಿಲ್ಲ.

ಕಳೆದ ವರ್ಷ ಭಾರತದ ಬೆಲೆ ಏರಿಸಲೇಬೇಕಾಯಿತು. ಸರ್ವರ್ ಬಾಡಿಗೆ ಡಾಲರಿನಲ್ಲಿದೆ, 2019ರಲ್ಲಿ 70 ಇದ್ದ ಡಾಲರ್ 80 ದಾಟಿ ಎಷ್ಟೋ ದಿನವಾಯಿತು. 999ರಿಂದ 1,199. ಇಮೇಲ್ ಕಳಿಸಿ ಸುಮ್ಮನಿರುವುದು ಬೇಡ, ಮೊದಲ ನೂರು ಗ್ರಾಹಕರಿಗೆ ನಾನೇ ಫೋನು ಮಾಡುತ್ತೇನೆ ಅಂದೆ. ದಾವಣಗೆರೆಯ ಡಾಕ್ಟರಮ್ಮ ಈಗ ಎರಡು ಚೇರ್ ಇಟ್ಟಿದ್ದಾರೆ. ಏರಿಕೆ ಎಷ್ಟು, ಯಾವ ತಿಂಗಳಿಂದ, ಯಾಕೆ ಎಂದೆಲ್ಲ ನಾನು ಹೇಳಿ ಮುಗಿಸುವವರೆಗೂ ಅವರು ಮಾತಾಡಲಿಲ್ಲ. ಹಿಂದೆ ಡ್ರಿಲ್ಲಿನ ಸದ್ದು ಕೇಳಿಸುತ್ತಿತ್ತು.

"ಅದಿರ್ಲಿ ಮೇಡಂ. ಪೇಷಂಟ್ ಲೆಕ್ಕ ಮತ್ತೆ ಹಾಕಲ್ಲ ತಾನೇ?"

"ಇಲ್ಲ ಡಾಕ್ಟ್ರೇ, ಯಾವತ್ತೂ ಹಾಕಲ್ಲ" ಅಂದೆ.

"ಸರಿ, ಬಿಲ್ ಕಳಿಸಿ" ಅಂದು ಅವರು ಫೋನ್ ಇಟ್ಟರು.